ಎಸೆಯದೆ ಬಂದ ಬಹುಮಾನ



ಕಳೆದ ವರ್ಷದ ಹಬ್ಬಕ್ಕೆ ಮುಂಚಿನ ಭಾನುವಾರ ನಮ್ಮ ಯುವಜನ ಸಂಘ ನಡೆಸಿದ ಆಟೋಟಗಳು ನಿಮಗೆ ನೆನಪಿರಬಹುದು. ಬಲಿಪೂಜೆ ಮುಗಿದ ಮೇಲೆ ಕನ್ನಡದವರು, ತಮಿಳಿನವರು, ತೆಲುಗಿನವರು ಎಲ್ಲರೂ ದೇವಾಲಯದ ಹಿಂದಿನ ಬಯಲಿನಲ್ಲಿ ಸೇರಿದ್ದೆವು. ಓಟ, ಹಗ್ಗ ಜಗ್ಗಾಟ, ತಾಯಂದಿರಿಗೆ ನಿಂಬೆಹಣ್ಣು ಚಮಚ ಎಲ್ಲ ಆಯಿತು. ಕೊನೆಗೆ ಬಹುಮಾನ ಕೊಡುವಾಗ, ಚಿಕ್ಕಂದಿನಿಂದ ಊರುಗೋಲು ಹಿಡಿದು ನಡೆಯುವ ನಮ್ಮ ಒಬ್ಬ ಹುಡುಗನನ್ನು ಕರೆದು 'ವಿಶೇಷ ಬಹುಮಾನ' ಎಂದು ಒಂದು ಶೀಲ್ಡ್ ಕೊಟ್ಟೆವು. ಆ ದಿನ ಬಿದ್ದ ಚಪ್ಪಾಳೆಗಳಲ್ಲಿ ಅದೇ ದೊಡ್ಡದು. ಕೆಲವು ಅಮ್ಮಂದಿರು ಕಣ್ಣೊರೆಸಿಕೊಂಡರು. ನಾವು ಫೋಟೋ ತೆಗೆದುಕೊಂಡೆವು. ಒಳ್ಳೆಯ ಕೆಲಸ ಮಾಡಿದ ಸಂತೋಷದಲ್ಲಿ ಮನೆಗೆ ಹೋದೆವು.

ಮುಂದಿನ ಭಾನುವಾರ ಅವನು ಶೀಲ್ಡನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಬಂದ.

"ಅಣ್ಣ, ಇದನ್ನ ನೀವೇ ಇಟ್ಕೊಳ್ಳಿ. ನಾನು ಏನೂ ಆಡ್ಲಿಲ್ವಲ್ಲ."

"ಇರ್ಲಿ ಬಿಡೋ, ಪ್ರೀತಿಯಿಂದ ಕೊಟ್ಟಿದ್ದು."

"ಹಂಗಾದ್ರೆ ಓಡಿ ಗೆದ್ದವನಿಗೆ ಯಾತಕ್ಕೆ ಕೊಟ್ರಿ? ಅವನ ಮೇಲೆ ಪ್ರೀತಿ ಇಲ್ವಾ?"

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ. ನಮ್ಮಲ್ಲಿ ಒಬ್ಬರಿಗೂ ಉತ್ತರ ಹೊಳೆಯಲಿಲ್ಲ. ಶೀಲ್ಡ್ ಇಂದಿಗೂ ಯುವಜನ ಸಂಘದ ಬೀರುವಿನಲ್ಲಿದೆ. ಇದನ್ನು ಬರೆಯಲು ಅವನ ಒಪ್ಪಿಗೆ ಕೇಳಿದೆವು. ಬರೆಯಿರಿ, ಆದರೆ ಹೆಸರು ಹಾಕಬೇಡಿ ಎಂದ.

ಆ ಪ್ರಶ್ನೆ ನಮ್ಮನ್ನು ಒಂದು ವಿಚಿತ್ರ ದಾರಿಗೆ ಎಳೆಯಿತು. ಸಂಘದ ಒಬ್ಬ ತಮ್ಮ ಮೊಬೈಲಿನಲ್ಲಿ ಪ್ಯಾರಾ ಅಥ್ಲೆಟಿಕ್ಸ್‌ನ ಗಂಡಸರ ಡಿಸ್ಕಸ್ ಎಸೆತ ತೋರಿಸಿದ. ಪ್ಯಾರಾಲಿಂಪಿಕ್ಸ್ ಎಂದರೆ ನಮಗೆಲ್ಲ ಮಾರಿಯಪ್ಪನ್ ತಂಗವೇಲು ಅವರ ಹೆಸರು ಗೊತ್ತು. ಪಕ್ಕದ ಸೇಲಂ ಜಿಲ್ಲೆಯ ಪೆರಿಯವಡಗಂಪಟ್ಟಿಯವರು. ತಾಯಿ ತರಕಾರಿ ಮಾರಿ ಸಾಕಿದ ಮಗ. 2016ರಲ್ಲಿ ರಿಯೋದಲ್ಲಿ 1.89 ಮೀಟರ್ ಎತ್ತರ ಹಾರಿ ಚಿನ್ನ ಗೆದ್ದಾಗ ಹೊಸೂರಿನಲ್ಲೂ ಪಟಾಕಿ ಹೊಡೆದ ನೆನಪು. ಆದರೆ ಕುಳಿತು ಡಿಸ್ಕಸ್ ಎಸೆಯುತ್ತಾರೆ ಎಂಬುದು ನಮ್ಮಲ್ಲಿ ಹಲವರಿಗೆ ಹೊಸದು.

ಅದು ಹೀಗೆ. ವೃತ್ತದೊಳಗೆ ಒಂದು ಕಬ್ಬಿಣದ ಪೀಠ. ಮೆತ್ತೆ ಸೇರಿ ಅದರ ಎತ್ತರ 75 ಸೆಂಟಿಮೀಟರ್ ದಾಟಬಾರದು. ಪೀಠವನ್ನು ಪಟ್ಟಿಗಳಿಂದ ನೆಲಕ್ಕೆ ಬಿಗಿಯುತ್ತಾರೆ, ಆಟಗಾರನ ಕಾಲನ್ನು ಪೀಠಕ್ಕೆ ಬಿಗಿಯುತ್ತಾರೆ. ಡಿಸ್ಕಸ್ ಒಂದು ಕಿಲೋ. ನಿಂತು ಎಸೆಯುವ ಸಾಮಾನ್ಯ ಪುರುಷರ ಡಿಸ್ಕಸ್ ಎರಡು ಕಿಲೋ ಇರುತ್ತದೆ, ಅವರು ಒಂದೂವರೆ ಸುತ್ತು ತಿರುಗಿ ಆ ವೇಗದಿಂದ ಬಿಡುತ್ತಾರೆ. ಇಲ್ಲಿ ತಿರುಗುವಂತಿಲ್ಲ. ಇರುವುದು ತೋಳು, ಭುಜ, ಸೊಂಟದ ಮೇಲಿನ ಮೈ ಅಷ್ಟೆ. ಕೆಲವರಿಗೆ ಅದೂ ಪೂರ್ತಿ ಇಲ್ಲ. ಎಸೆಯುವಾಗ ಕುಂಡೆ ಪೀಠದಿಂದ ಮೇಲೆದ್ದರೆ ಫೌಲ್. ಪೀಠ ಬಿಗಿಯಲು ಹೊತ್ತು ಹಿಡಿಯುವುದರಿಂದ ಒಬ್ಬರು ತಮ್ಮ ಎಸೆತಗಳನ್ನು ಒಂದರ ಹಿಂದೆ ಒಂದು ಎಸೆದು ಮುಗಿಸುತ್ತಾರೆ. ಎಲ್ಲರೂ ಸುಮ್ಮನೆ ಕುಳಿತು ಒಬ್ಬನನ್ನೇ ನೋಡುತ್ತಿರುತ್ತಾರೆ.

ಕುಳಿತು ಎಸೆಯುವವರಿಗೆ ಎಫ್51ರಿಂದ ಎಫ್57ರವರೆಗೆ ವರ್ಗಗಳಿವೆ. 'ಎಫ್' ಎಂದರೆ ಫೀಲ್ಡ್. ಎಫ್52ರವರಿಗೆ ಮುಂಡದ ಹಿಡಿತವಿಲ್ಲ, ಬೆರಳುಗಳಲ್ಲೂ ಬಲ ಕಡಿಮೆ. ಡಿಸ್ಕಸ್ ಹಿಡಿಯುವುದೇ ಅವರಿಗೆ ಮೊದಲ ಸ್ಪರ್ಧೆ. ಎಫ್56ರವರಿಗೆ ಕೈಗಳೂ ಮುಂಡವೂ ಗಟ್ಟಿ, ಕಾಲುಗಳಲ್ಲಿ ಕೊರತೆ. ಯಾರು ಯಾವ ವರ್ಗಕ್ಕೆ ಸೇರಬೇಕು ಎಂದು ವೈದ್ಯರೂ ಕ್ರೀಡಾ ತಜ್ಞರೂ ಇರುವ ಮಂಡಳಿ ಮುಟ್ಟಿ, ಬಗ್ಗಿಸಿ, ಎತ್ತಿಸಿ, ಎಸೆಸಿ ನೋಡಿ ನಿರ್ಧರಿಸುತ್ತದೆ. ಸ್ಪರ್ಧೆ ನಡೆಯುವಾಗಲೂ ಅವರು ನೋಡುತ್ತಿರುತ್ತಾರೆ.

ನಮ್ಮಲ್ಲಿ ಜಗಳ ಹುಟ್ಟಿದ್ದು ಇನ್ನೊಂದು ಫಲಿತಾಂಶ ನೋಡಿ. 2023ರ ಅಕ್ಟೋಬರ್‌ನಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಎಫ್54, 55, 56 ಮೂರನ್ನೂ ಸೇರಿಸಿ ಒಂದೇ ಸ್ಪರ್ಧೆ ಮಾಡಿದ್ದರು. ಮೂರು ಪದಕವೂ ಭಾರತಕ್ಕೆ ಬಂತು. ನೀರಜ್ ಯಾದವ್ 38.56 ಮೀಟರ್ ಎಸೆದರು. ಯೋಗೇಶ್ ಕಥುನಿಯಾ 42.13 ಮೀಟರ್ ಎಸೆದರು. ಮುತ್ತುರಾಜ 35.06 ಮೀಟರ್. ಚಿನ್ನ ಯಾರಿಗೆ? ನೀರಜ್ ಯಾದವ್‌ಗೆ. ಮೂರೂವರೆ ಮೀಟರ್ ದೂರ ಹೆಚ್ಚು ಎಸೆದ ಯೋಗೇಶ್‌ಗೆ ಬೆಳ್ಳಿ.

"ಇದ್ಯಾವ ನ್ಯಾಯ?" ಎಂದು ನಮ್ಮಲ್ಲಿ ಅರ್ಧ ಜನ ಎದ್ದರು. ಟೇಪ್ ಹಿಡಿದರೆ ಗೊತ್ತಾಗುವ ಸಂಗತಿ. ಆದರೆ ಬೇರೆ ವರ್ಗಗಳನ್ನು ಸೇರಿಸಿದಾಗ ಟೇಪಿನ ಅಳತೆ ಒಂದೇ ಸಾಲದು. ಆಯಾ ವರ್ಗದ ದೇಹಕ್ಕೆ ಎಷ್ಟು ದೂರ ಸಾಧ್ಯವಾಗುತ್ತದೆ ಎಂಬುದರ ಜೊತೆ ಹೋಲಿಸಿ ಪ್ರತಿ ಎಸೆತಕ್ಕೂ ಅಂಕ ಕೊಡುತ್ತಾರೆ. ನೀರಜ್ ಎಫ್55, ಯೋಗೇಶ್ ಎಫ್56. ಹೆಚ್ಚು ಕೊರತೆಯಿರುವ ವರ್ಗದಲ್ಲಿ 38 ಮೀಟರ್ ದೊಡ್ಡದು. ಇದು ದಯೆಯಲ್ಲ, ಲೆಕ್ಕ. ಬಿಎಸ್ಸಿ ಓದಿದ ನಮ್ಮ ಒಬ್ಬಿಬ್ಬರಿಗೆ ಇದು ಬೇಗ ಹಿಡಿಸಿತು. ತೂಕ ಹೇಳುವಾಗ ಯಾವ ತಕ್ಕಡಿ ಎಂದೂ ಹೇಳಬೇಕು ಎಂಬುದು ಪ್ರಯೋಗಶಾಲೆಯ ಮೊದಲ ಪಾಠವಲ್ಲವೆ.

ಆಗ ನೆನಪಾದದ್ದು ತಲಾಂತುಗಳ ಸಾಮತಿ. ಸಂತ ಮತ್ತಾಯರ ಶುಭಸಂದೇಶದ 25ನೇ ಅಧ್ಯಾಯ. ಧಣಿ ಒಬ್ಬನಿಗೆ ಐದು, ಒಬ್ಬನಿಗೆ ಎರಡು, ಒಬ್ಬನಿಗೆ ಒಂದು ತಲಾಂತು ಕೊಡುತ್ತಾನೆ. ಅವರವರ ಸಾಮರ್ಥ್ಯ ನೋಡಿಯೇ ಕೊಡುತ್ತಾನೆ. ಐದನ್ನು ಹತ್ತು ಮಾಡಿದವನಿಗೂ, ಎರಡನ್ನು ನಾಲ್ಕು ಮಾಡಿದವನಿಗೂ ಅವನು ಹೇಳುವ ಮೆಚ್ಚುಗೆ ಒಂದೇ. ಒಂದಕ್ಷರದ ವ್ಯತ್ಯಾಸವಿಲ್ಲ. ಇಷ್ಟು ನಾವು ಧರ್ಮೋಪದೇಶದ ತರಗತಿಯಲ್ಲೇ ಕಲಿತಿದ್ದೆವು. ಆದರೆ ಈ ಸಲ ಓದುವಾಗ ಮೂರನೆಯವನ ಮೇಲೆ ಕಣ್ಣು ನಿಂತಿತು. ಒಂದೇ ತಲಾಂತು ಪಡೆದವನಿಂದಲೂ ಧಣಿ ಲೆಕ್ಕ ಕೇಳುತ್ತಾನೆ. 'ಪಾಪ, ನಿನಗೆ ಕೊಟ್ಟದ್ದೇ ಕಡಿಮೆ, ನೀನು ಸುಮ್ಮನೆ ಕುಳಿತಿರು, ಇಗೋ ನಿನಗೊಂದು ಶೀಲ್ಡ್' ಎನ್ನುವುದಿಲ್ಲ. ಆ ಧಣಿಯ ಸಿಟ್ಟು ನಮಗೆ ಮೊದಲು ಕಠಿಣವಾಗಿ ಕಾಣುತ್ತಿತ್ತು. ಈಗ ಅದರಲ್ಲಿ ಒಂದು ಗೌರವವೂ ಕಾಣುತ್ತದೆ. ನೀನೂ ಮಾಡಬಲ್ಲವನಾಗಿದ್ದೆ ಎಂದು ಅವನು ನಂಬಿದ್ದ. ನಾವು ಆ ಹುಡುಗನನ್ನು ಅಷ್ಟೂ ನಂಬಿರಲಿಲ್ಲ. ಅವನ ಲೆಕ್ಕ ಕೇಳದೆಯೇ ಅವನ ಖಾತೆ ಮುಚ್ಚಿದ್ದೆವು.

ಈ ಮಾತನ್ನು ಕೂಟದಲ್ಲಿ ಹೇಳಿದಾಗ ನಮ್ಮ ಹಿರಿಯ ಅತ್ತೆಯೊಬ್ಬರು ಒಪ್ಪಲಿಲ್ಲ. "ಆ ಮಗು ದಿನಾ ಬಸ್ಸು ಹತ್ತೋದ್ರಲ್ಲೇ ಸೋತು ಸೋತು ಬರ್ತದೆ. ಇಲ್ಲಿ ಬಂದೂ ಸೋಲಬೇಕಾ?" ಎಂದು ಕೇಳಿದರು. ಇದು ಸುಲಭವಾಗಿ ತಳ್ಳಿಹಾಕುವ ಮಾತಲ್ಲ. ದೇವಾಲಯ ಎನ್ನುವುದು ಅಳತೆ ಇಲ್ಲದ ಜಾಗವಾಗಿರಬೇಕು ಎಂದೇ ನಮ್ಮಲ್ಲಿ ಹಲವರು ಬರುತ್ತೇವೆ. ದ್ರಾಕ್ಷಿತೋಟದ ಸಾಮತಿಯಲ್ಲಿ ಸಂಜೆ ಬಂದವನಿಗೂ ಬೆಳಗ್ಗೆ ಬಂದವನಿಗೂ ಕೂಲಿ ಒಂದೇ ಅಲ್ಲವೆ? ಹೌದು. ಆದರೆ ಅಲ್ಲಿಯೂ ಆ ಧಣಿ ಸಂಜೆಯವನನ್ನು ಸಂತೆಬೀದಿಯಲ್ಲೇ ನಿಲ್ಲಿಸಿ ಕೈಗೆ ದುಡ್ಡು ಕೊಟ್ಟು ಕಳಿಸಲಿಲ್ಲ. ಇಡೀ ದಿನ ಯಾಕೆ ಸುಮ್ಮನೆ ನಿಂತಿದ್ದೀರಿ ಎಂದು ಕೇಳಿದ. ಯಾರೂ ಕೆಲಸಕ್ಕೆ ಕರೆಯಲಿಲ್ಲ ಎಂದರು. ತೋಟಕ್ಕೆ ಕಳಿಸಿದ. ಅವರ ನೋವು ಕೂಲಿಯದು ಮಾತ್ರವಲ್ಲ, ಯಾರೂ ಕರೆಯದೆ ಇದ್ದದ್ದು.

ಅತ್ತೆ ಪೂರ್ತಿ ಒಪ್ಪಲಿಲ್ಲ. "ನೋಡ್ರಪ್ಪ, ಮಾಡಿ ನೋಡಿ" ಎಂದರು, ಅಷ್ಟೆ.

ಅಳತೆಯ ಇನ್ನೊಂದು ಮುಖವನ್ನೂ ಹೇಳಬೇಕು. ಇಲ್ಲದಿದ್ದರೆ ನಾವು ಆಟದ ಜಾಹೀರಾತು ಬರೆದಂತಾಗುತ್ತದೆ. ಅಳೆಸಿಕೊಳ್ಳುವುದು ಸುಖವಲ್ಲ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪ್ರಕಾರ ಬಹುಪಾಲು ಸವಲತ್ತು ಬೇಕಾದರೆ ಕನಿಷ್ಠ ಶೇಕಡ 40 ಕೊರತೆ ಇದೆ ಎಂಬ ಸರ್ಟಿಫಿಕೇಟ್ ಬೇಕು. ಅದಕ್ಕಾಗಿ ಮಗನನ್ನೋ ಅಪ್ಪನನ್ನೋ ಕರೆದುಕೊಂಡು ಸಾಲಿನಲ್ಲಿ ನಿಂತ ಮನೆಗಳು ನಮ್ಮ ಧರ್ಮಕೇಂದ್ರದಲ್ಲಿವೆ. ಅಲ್ಲಿ ಮನುಷ್ಯ ತನ್ನಿಂದ ಏನಾಗುವುದಿಲ್ಲ ಎಂಬುದನ್ನು ಸಾಬೀತು ಮಾಡಬೇಕು. ಮನೆಯಲ್ಲಿ 'ನಿನ್ನಿಂದ ಆಗುತ್ತೆ ಕಣೋ' ಎಂದು ಬೆಳೆಸಿದ ತಾಯಿಯೇ ಆ ದಿನ ಡಾಕ್ಟರ ಮುಂದೆ 'ಇವನಿಂದ ಆಗಲ್ಲ ಸಾರ್' ಎನ್ನಬೇಕಾಗುತ್ತದೆ. ಆ ಮಾತು ಮಗನ ಕಿವಿಗೂ ಬೀಳುತ್ತದೆ.

ಅಳತೆಯಿಂದ ಪದಕವೂ ಹೋಗಬಹುದು. ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ, 2021ರ ಆಗಸ್ಟ್ 29ರಂದು, ಎಫ್52 ಡಿಸ್ಕಸ್‌ನಲ್ಲಿ ನಮ್ಮ ದೇಶದ ವಿನೋದ್ ಕುಮಾರ್ 19.91 ಮೀಟರ್ ಎಸೆದು ಮೂರನೆಯವರಾದರು. ಗಡಿ ಭದ್ರತಾ ಪಡೆ ಸೇರಿ, ಲೇಹ್‌ನಲ್ಲಿ ತರಬೇತಿಯ ವೇಳೆ ಬಿದ್ದು, ಸುಮಾರು ಹತ್ತು ವರ್ಷ ಹಾಸಿಗೆ ಹಿಡಿದಿದ್ದವರು. ಮೊದಲನೆಯವರಿಗೂ ಅವರಿಗೂ ಅಂತರ 11 ಸೆಂಟಿಮೀಟರ್ ಮಾತ್ರ. ದೇಶವೆಲ್ಲ ಸಂಭ್ರಮಿಸಿತು. ಅವರ ವರ್ಗದ ಬಗ್ಗೆ ಬೇರೆ ಸ್ಪರ್ಧಿಗಳ ಕಡೆಯಿಂದ ಆಕ್ಷೇಪ ಬಂತು. ಮಾರನೆಯ ದಿನ, ಅವರನ್ನು ಆ ವರ್ಗದಲ್ಲಿ ಸೇರಿಸಲು ಆಗುವುದಿಲ್ಲ ಎಂದು ಮಂಡಳಿ ಹೇಳಿತು. ಅವರ ಫಲಿತಾಂಶ ರದ್ದಾಯಿತು. ಸ್ಪರ್ಧೆಗೆ ಒಂದು ವಾರ ಮುಂಚೆ ಅದೇ ಊರಿನಲ್ಲಿ ಅವರನ್ನು ಎಫ್52 ಎಂದು ಒಪ್ಪಿದ್ದರು.

ತಪ್ಪು ಎಲ್ಲಾಯಿತು, ಯಾರದು ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಅದಕ್ಕೆ ಬೇರೆ ಮಂಡಳಿಗಳಿವೆ. ಅಂದು ನಮ್ಮಲ್ಲಿ ಅನೇಕರು, ನಾವೂ ಸೇರಿ, ಸ್ಟೇಟಸ್ಸಿನಲ್ಲಿ ಸಿಟ್ಟು ಹಾಕಿಕೊಂಡದ್ದು ಮಾತ್ರ ನೆನಪಿದೆ: ನಮ್ಮ ಪದಕ ಕಿತ್ತುಕೊಂಡರು ಎಂದು. ಆ ಪದಕ ಯಾರಿಗೆ ಹೋಯಿತು ಎಂದು ಆಗ ನಾವು ಯಾರೂ ಕೇಳಲಿಲ್ಲ. ಲಾಟ್ವಿಯಾದ ಐಗರ್ಸ್ ಅಪಿನಿಸ್ ಎಂಬುವರು 19.54 ಮೀಟರ್ ಎಸೆದು ನಾಲ್ಕನೆಯವರಾಗಿದ್ದರು. ವರ್ಗ ಸರಿಯಿಲ್ಲದಿದ್ದರೆ ಆ 37 ಸೆಂಟಿಮೀಟರ್ ಅವರಿಗಾದ ಅನ್ಯಾಯ. ಅವರ ಕೊರತೆಯೂ ನಿಜವಾದ ಕೊರತೆಯೇ. ಅವರ ಮನೆಯವರೂ ಟಿವಿ ಮುಂದೆ ಕುಳಿತಿರಬಹುದು. ಕರುಣೆಯಿಂದ ಒಬ್ಬರಿಗೆ ಸ್ವಲ್ಪ ಸಡಿಲ ಬಿಟ್ಟರೆ ಅದರ ಬೆಲೆ ಕೊಡುವವನು ಅವನಷ್ಟೇ ಅಥವಾ ಅವನಿಗಿಂತ ದುರ್ಬಲನಾದ ಇನ್ನೊಬ್ಬ, ಮತ್ತು ಅವನು ಸಾಮಾನ್ಯವಾಗಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. ರೇಷನ್ ಪಟ್ಟಿಯಿಂದ ಹಿಡಿದು ಶಾಲೆಯ ಸೀಟಿನವರೆಗೆ ನಾವು ಇದನ್ನು ಕಂಡಿದ್ದೇವೆ.

ಹಾಗಂತ ಈ ಅಳತೆ ಎಲ್ಲವನ್ನೂ ಅಳೆಯುತ್ತದೆ ಎಂದೂ ಅಲ್ಲ. ಯೋಗೇಶ್ ಕಥುನಿಯಾ ಅವರಿಗೆ ಒಂಬತ್ತನೇ ವಯಸ್ಸಿನಲ್ಲಿ ಗಿಯನ್-ಬಾರೆ ಎಂಬ ನರರೋಗ ಬಂದು ಕೈಕಾಲು ಬಿದ್ದುಹೋದವು. ತಾಯಿ ಮೀನಾ ದೇವಿ ತಾವೇ ಫಿಸಿಯೋಥೆರಪಿ ಕಲಿತು ವರ್ಷಗಟ್ಟಲೆ ಮಗನ ಕೈಕಾಲು ತಿಕ್ಕಿ ಬಗ್ಗಿಸಿ ಎಬ್ಬಿಸಿದರು. ಆ ಮಗ 2021ರಲ್ಲಿ ಟೋಕಿಯೊದಲ್ಲಿ 44.38 ಮೀಟರ್, 2024ರಲ್ಲಿ ಪ್ಯಾರಿಸ್‌ನಲ್ಲಿ 42.22 ಮೀಟರ್ ಎಸೆದು ಎರಡು ಸಲವೂ ಬೆಳ್ಳಿ ಗೆದ್ದರು. ಎರಡು ಸಲವೂ ಚಿನ್ನ ಬ್ರೆಜಿಲ್‌ನ ಕ್ಲೌಡಿನಿ ಬಟಿಸ್ಟಾ ಅವರದು. ಅಂಥ ತಾಯಿ ಇಲ್ಲದವನಿಗೆ, ಕೋಚ್ ಇಲ್ಲದವನಿಗೆ, ಒಂದು ಕಿಲೋ ಡಿಸ್ಕಸ್ ಕೊಳ್ಳಲು ಕಾಸಿಲ್ಲದವನಿಗೆ ಬೇರೆ ವರ್ಗವಿಲ್ಲ. ಬೆಂಗಳೂರಿನ ಮಾಲತಿ ಹೊಳ್ಳ ಅವರು, ಡಿಸ್ಕಸ್, ಗುಂಡು, ಈಟಿ ಮೂರನ್ನೂ ಗಾಲಿಕುರ್ಚಿಯಿಂದ ಎಸೆದು 2001ರಲ್ಲಿ ಪದ್ಮಶ್ರೀ ಪಡೆದವರು, ಹಳ್ಳಿಗಳ ಅಂಗವಿಕಲ ಮಕ್ಕಳಿಗಾಗಿ ಮಾತೃ ಫೌಂಡೇಶನ್ ಕಟ್ಟಿದ್ದು ಇದೇ ಕೊರತೆ ನೋಡಿಯೇ ಇರಬೇಕು ಎಂದು ನಮಗನಿಸುತ್ತದೆ. ದೇಹವನ್ನು ವರ್ಗ ಮಾಡಬಹುದು. ಯಾರ ಮನೆಯಲ್ಲಿ ಯಾರು ಎಬ್ಬಿಸಿದರು ಎಂಬುದಕ್ಕೆ ಪಟ್ಟಿ ಇಲ್ಲ. ಕಾಣಿಕೆ ಪೆಟ್ಟಿಗೆಯ ಎದುರು ಕುಳಿತು ಆ ಬಡ ವಿಧವೆಯ ಎರಡು ಕಾಸನ್ನು ನೋಡಿದವರು ಯೇಸುಸ್ವಾಮಿ ಒಬ್ಬರೇ. ಅಷ್ಟು ಆಳದ ಅಳತೆ ಯಾವ ಮಂಡಳಿಯ ಕೈಯಲ್ಲೂ ಆಗದು.

ಇಲ್ಲಿ ಒಂದು ಅಡ್ಡ ಮಾತು. ಈ ಆಟಗಳನ್ನು ಶುರು ಮಾಡಿದ ಲುಡ್ವಿಗ್ ಗುಟ್‌ಮನ್ ನಾಜಿಗಳಿಂದ ತಪ್ಪಿಸಿಕೊಂಡು 1939ರಲ್ಲಿ ಇಂಗ್ಲೆಂಡಿಗೆ ಹೋದ ಯೆಹೂದ್ಯ ವೈದ್ಯರು. ಯುದ್ಧದಲ್ಲಿ ಬೆನ್ನುಹುರಿ ಮುರಿದ ಸೈನಿಕರು ಹಾಸಿಗೆಯಲ್ಲೇ ಸಾಯುತ್ತಾರೆ ಎಂದು ಎಲ್ಲರೂ ಕೈಬಿಟ್ಟಿದ್ದ ಕಾಲ. ಅವರು 1948ರಲ್ಲಿ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ 16 ಮಂದಿಗೆ ಬಿಲ್ಲುಗಾರಿಕೆಯ ಸ್ಪರ್ಧೆ ಇಟ್ಟರು. 1960ರಲ್ಲಿ ರೋಮ್‌ನಲ್ಲಿ ಆಟಗಳು ನಡೆದಾಗ ಜಗದ್ಗುರುಗಳಾಗಿದ್ದ ಸಂತ 23ನೇ ಜಾನ್ ಅವರು ಆ ಆಟಗಾರರನ್ನು ಬರಮಾಡಿಕೊಂಡು, ಒಲಿಂಪಿಕ್ಸ್ ಆರಂಭಿಸಿದ ಕೂಬರ್ಟಿನ್‌ಗೆ ಗುಟ್‌ಮನ್ನರನ್ನು ಹೋಲಿಸಿ ಹೊಗಳಿದರು. ಹಾಸಿಗೆಯಲ್ಲಿದ್ದವರಿಗೆ ಗುಟ್‌ಮನ್ ಕೊಟ್ಟದ್ದು ಶೀಲ್ಡ್ ಅಲ್ಲ, ಬಿಲ್ಲು ಮತ್ತು ಗುರಿ ಎಂಬುದನ್ನು ನಾವು ಗಮನಿಸಿದೆವು.

ಇಷ್ಟು ದೂರ ಬಂದ ಮೇಲೆ ನಮ್ಮದೇ ಒಂದು ಸಂಗತಿಯನ್ನು ಮುಚ್ಚಿಡುವುದು ಸರಿಯಲ್ಲ. ಕನ್ನಡ ಮಾತಾಡುವ ಕಥೋಲಿಕರು ಈ ಸೀಮೆಯಲ್ಲಿ ಎಷ್ಟು ಕಡಿಮೆ ಎಂದು ನಿಮಗೆ ಗೊತ್ತು. ಎಲ್ಲ ಭಾಷೆಯವರು ಸೇರುವ ಬೈಬಲ್ ವಾಚನ, ಗೀತೆ, ಭಾಷಣ ಸ್ಪರ್ಧೆಗಳಲ್ಲಿ ಕೆಲವು ಕಡೆ ನಮಗೆ 'ಕನ್ನಡ ವಿಭಾಗ' ಇರುತ್ತದೆ. ಮೂರು ಮಕ್ಕಳು ಹೋಗುತ್ತಾರೆ, ಮೂವರಿಗೂ ಬಹುಮಾನ. ತೀರ್ಪುಗಾರರಿಗೆ ಕನ್ನಡ ಬಾರದೆ ನಗುತ್ತಾ ತಲೆಯಾಡಿಸಿದ ಸಲವೂ ಇದೆ. ಮಗು 'ಅ'ಕಾರ 'ಹ'ಕಾರ ತಪ್ಪಿ ಓದಿದರೂ ಮೊದಲನೆಯದು. ನಾವು ಆ ಕಪ್ಪುಗಳನ್ನು ಸಂತೋಷದಿಂದ ತಂದು ಸಾಲಾಗಿ ಇಟ್ಟಿದ್ದೇವೆ. ಯಾರೂ ಬಟ್ಟೆ ಚೀಲದಲ್ಲಿ ಹಾಕಿಕೊಂಡು ಹೋಗಿ ವಾಪಸ್ ಕೊಟ್ಟಿಲ್ಲ. ಪ್ರತ್ಯೇಕ ವಿಭಾಗ ಬೇಡ ಎಂದು ನಾವು ಹೇಳುತ್ತಿಲ್ಲ; ಅದಿಲ್ಲದಿದ್ದರೆ ನಮ್ಮ ಮಕ್ಕಳು ವೇದಿಕೆ ಹತ್ತುವುದೇ ಇಲ್ಲ. ಎಫ್52 ಇಲ್ಲದಿದ್ದರೆ ಅಪಿನಿಸ್ ಇಲ್ಲ. ಆದರೆ ವಿಭಾಗ ಕೊಟ್ಟ ಮೇಲೆ ಅದರೊಳಗೆ ಕನ್ನಡ ಬಲ್ಲವರು ಕುಳಿತು ತಪ್ಪನ್ನು ತಪ್ಪು ಎನ್ನಲಿ ಎಂದು ನಾವೇ ಕೇಳಬೇಕಿತ್ತು. ಕೇಳಲಿಲ್ಲ. ಕಪ್ಪು ಬರುತ್ತಿತ್ತಲ್ಲ.

ಈ ವರ್ಷದ ಹಬ್ಬಕ್ಕೆ ಏನು ಮಾಡಿದೆವು ಎಂದು ಹೇಳಿ ಮುಗಿಸುತ್ತೇವೆ. ಹಳೆಯ ಕಬ್ಬಿಣದ ಕುರ್ಚಿಯೊಂದರ ಕಾಲು ಕತ್ತರಿಸಿ, ಅಡ್ಡಪಟ್ಟಿ ಬೆಸೆದು ಕೊಡಲು ವೆಲ್ಡಿಂಗ್ ಅಂಗಡಿಯ ಅಣ್ಣನನ್ನು ಕೇಳಿದೆವು. ಅವರು ದುಡ್ಡು ತೆಗೆದುಕೊಳ್ಳಲಿಲ್ಲ, ಆದರೆ ಎತ್ತರ ಅಳೆದು ಕೊಡಿ ಎಂದಾಗ ಮೂರು ಸಲ ಬೈದರು. ನಾಲ್ಕು ಗೂಟ ಹೊಡೆದು ಲಾರಿಗೆ ಸರಕು ಕಟ್ಟುವ ಪಟ್ಟಿಯಿಂದ ಬಿಗಿದೆವು. ಒಂದು ಕಿಲೋ ಡಿಸ್ಕಸ್ಸನ್ನು ಪಿ.ಟಿ. ಮೇಷ್ಟ್ರೊಬ್ಬರು ಎರವಲು ಕೊಟ್ಟರು. ಸ್ಪರ್ಧಿಗಳು ಇಬ್ಬರೇ: ನಮ್ಮ ಹುಡುಗ, ಮತ್ತು ಕಲ್ಲಿನ ಕ್ವಾರಿಯಲ್ಲಿ ಒಂದು ಕಾಲು ಕಳೆದುಕೊಂಡ ಐವತ್ತರ ಆಸುಪಾಸಿನ ಮಾವ ಒಬ್ಬರು. ಇಬ್ಬರಿಗೂ ಒಂದು ತಿಂಗಳು ಸಂಜೆ ಅಭ್ಯಾಸ. ಆನೆ ಇಳಿದಿದೆ ಎಂದು ಸುದ್ದಿ ಬಂದ ಎರಡು ದಿನ ಮಾತ್ರ ರಜೆ.

ಹಬ್ಬದ ದಿನ ಮಾವ ಮೊದಲು ಎಸೆದರು. ಬಂಡೆ ಎತ್ತಿದ ತೋಳು. ಡಿಸ್ಕಸ್ ಬೇಲಿಯ ಹತ್ತಿರ ಹೋಗಿ ಬಿತ್ತು. ಹುಡುಗನ ಮೊದಲ ಎಸೆತ ಪಕ್ಕಕ್ಕೆ ಹೋಯಿತು. ಎರಡನೆಯದು ಚೆನ್ನಾಗಿ ಬಿತ್ತು, ಆದರೆ ಮಾವನ ಗುರುತಿಗಿಂತ ಎರಡು ಹೆಜ್ಜೆ ಹಿಂದೆ. ಮೂರನೆಯದಕ್ಕೆ ಅವನು ಹಲ್ಲು ಕಚ್ಚಿ ಇಡೀ ಮೈ ಎತ್ತಿ ಬಿಟ್ಟ. ಡಿಸ್ಕಸ್ ಮಾವನ ಗುರುತು ದಾಟಿತು. ಜನ ಎದ್ದು ನಿಂತು ಕೂಗಿದರು. ಪೀಠದ ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ ಮೇಷ್ಟ್ರು ನಮ್ಮ ಕಡೆ ನೋಡಿದರು. ನಾವೂ ನೋಡಿದ್ದೆವು. ಪೀಠಕ್ಕೂ ಅವನಿಗೂ ನಡುವೆ ಒಂದು ಬೆರಳು ಬೆಳಕು ಕಂಡಿತ್ತು.

ಒಂದು ಕ್ಷಣ ನಮಗೆ ಅತ್ತೆಯ ಮುಖ ನೆನಪಾಯಿತು. ಅವರು ಅಲ್ಲೇ ಮುಂದಿನ ಬೆಂಚಿನಲ್ಲಿ ಕುಳಿತಿದ್ದರು.

"ಫೌಲ್" ಎಂದರು ಮೇಷ್ಟ್ರು.

ಹುಡುಗ ಪಟ್ಟಿ ಬಿಚ್ಚಿಸಿಕೊಳ್ಳಲು ಬಿಡಲೇ ಇಲ್ಲ. "ಎಲ್ಲಿ ಎದ್ದೆ ಸಾರ್? ನಾನು ಎದ್ದಿಲ್ಲ! ಯಾರು ನೋಡಿದ್ದು?" ಎಂದು ಮೇಷ್ಟ್ರ ಜೊತೆ ಹತ್ತು ನಿಮಿಷ ಜಗಳವಾಡಿದ. ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾವು ಅದುವರೆಗೆ ಕೇಳಿರಲಿಲ್ಲ. ಮೇಷ್ಟ್ರು ಒಪ್ಪಲಿಲ್ಲ. ಇನ್ನೊಂದು ಎಸೆತ ಕೊಡಿ ಎಂದ. ಮೂರು ಮುಗೀತು ಎಂದರು. ಟೇಪ್ ಹಿಡಿದು ಅವನ ಎರಡನೇ ಎಸೆತ ಅಳೆದು, ಚೀಟಿಯಲ್ಲಿ ಬರೆದು, ಎರಡನೇ ಸ್ಥಾನದ ಪದಕ ಕೊರಳಿಗೆ ಹಾಕಿದೆವು. ಅದನ್ನು ಅವನು ಇದುವರೆಗೆ ವಾಪಸ್ ತಂದಿಲ್ಲ. ಕುರ್ಚಿ ಮಾತ್ರ ಸ್ವಲ್ಪ ಎಡಕ್ಕೆ ವಾಲಿದೆಯಂತೆ, ಅದನ್ನು ಸರಿ ಮಾಡಿಸಿ ಎಂದು ಪ್ರತಿ ಭಾನುವಾರ ಬಲಿಪೂಜೆ ಮುಗಿದ ಕೂಡಲೇ ಬಂದು ಕೇಳುತ್ತಾನೆ.